ಮೂರು ಬೆರಳಿನ ಅಂಗೈ

ಅವರ ಎಡಗೈಯಲ್ಲಿ ಉಳಿದಿದ್ದವು ಹೆಬ್ಬೆಟ್ಟು, ತೋರುಬೆರಳು, ಕಿರುಬೆರಳು ಇಷ್ಟೇ. ನಡುವಿನ ಎರಡನ್ನು ಫ್ಯಾಕ್ಟರಿಯ ಪ್ರೆಸ್ ಮಿಷನ್ನು ತೆಗೆದುಕೊಂಡಿತ್ತು. ಆ ಅಂಗೈ ಮೇಲೆ ನೇರಳೆ ಹಣ್ಣಿನಂಥ ಇಷ್ಟಲಿಂಗವಿಟ್ಟುಕೊಂಡು ದಿನಾ ಬೆಳಿಗ್ಗೆ ರೆಪ್ಪೆ ಮಿಟುಕಿಸದೆ ನೋಡುತ್ತ ಕೂರುತ್ತಿದ್ದರು. ಆಮೇಲೆ ಅದನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಂಡು, ಸೈಕಲ್ ಹತ್ತಿ ಮೊದಲ ಪಾಳಿಗೆ ಹೊರಟರೆ ಯಶವಂತಪುರದ ನಮ್ಮ ವಠಾರಕ್ಕೆ ಬೆಳಗಾಯಿತೆಂದೇ ಲೆಕ್ಕ.

ಬಿಜಾಪುರದ ಕಡೆಯವರು. ನಾನು ಮಾಮ ಅನ್ನುತ್ತಿದ್ದೆ. ನಾವು ಹುಣಸಮಾರನಹಳ್ಳಿ ಬಿಟ್ಟು ಬಂದವರು. ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದರು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಬಂದ ಹೊಸತರಲ್ಲಿ ಗೋಡೆಯಾಚೆಯಿಂದ "ಏ, ನನ್ನ ಕರಡಿಗಿ ಎಲ್ಲೈತಿ?" ಎಂದು ಅವರು ಹೆಂಡತಿಯನ್ನು ಕೂಗುವುದು ಕೇಳಿ, ಮನೆಯೊಳಗೆ ಕರಡಿ ಸಾಕಿದ್ದಾರೆಂದು ನಂಬಿದೆ. ಒಂದು ವಾರ ಆ ಬಾಗಿಲು ದಾಟುವಾಗಲೆಲ್ಲ ಓಟ. ಅಮ್ಮನಿಂದ ವಿಷಯ ತಿಳಿದ ಮಾಮ ನನ್ನನ್ನು ಕರೆದು ಕೊರಳಿನ ಕರಡಿಗೆ ತೋರಿಸಿದರು. "ನೋಡವಾ, ಇದ ನನ್ನ ಕರಡಿ. ಕಡಿಯಂಗಿಲ್ಲ." ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರೇ ಕರಡಿ ಆಯಿತು.

ಹೆಸರಷ್ಟೇ ಕರಡಿ, ನಾನು ಮಹಾ ಪುಕ್ಕಲಿ. ಹಾಜರಿ ಕೂಗಿದರೆ "ಎಸ್ ಸಾರ್" ಅನ್ನಲೂ ಪಕ್ಕದವಳಿಗೆ ಸನ್ನೆ ಮಾಡುತ್ತಿದ್ದೆ. ಬರೆಯುವುದಕ್ಕೆ ಬಾಯಿ ಬೇಡವಲ್ಲ, ಹಾಗಾಗಿ ಬಿ.ಎಸ್ಸಿ. ಕೊನೆಯ ವರ್ಷದವರೆಗೂ ಬಂದೆ. ಅಲ್ಲಿ ಸಿಕ್ಕಿಬಿದ್ದೆ. ರಸಾಯನಶಾಸ್ತ್ರದ ಪ್ರಾಕ್ಟಿಕಲ್ಸ್‌ನಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳಿದಾಗ ಬಾಯಿ ಕಟ್ಟಿಹೋಯಿತು. ಮಿಕ್ಕದ್ದೆಲ್ಲ ಪಾಸು, ಅದೊಂದು ಫೇಲು.

"ಇನ್ನೊಂದ್ ಸಲ ಕಟ್ಟು," ಅಂದರು ಅಪ್ಪ. "ಆಗ್ಲಿಲ್ಲ ಅಂದ್ರೆ ಸಾಕು ಕಣಮ್ಮ. ಊದುಬತ್ತಿ ಒಸೆಯೋಕೆ ಓಗು."

ಅಳುತ್ತ ಮಾಮನ ಮನೆಗೆ ಹೋದೆ. "ನಿಮ್ಮ ಲಿಂಗ ಒಂದಿನ ಕೊಡಿ ಮಾಮ. ಪರೀಕ್ಷೇಲಿ ಕೈಯಲ್ಲಿ ಇಟ್ಕೋತೀನಿ."

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು. ಇಷ್ಟಲಿಂಗ ಒಬ್ಬರ ಮೈಯಿಂದ ಇನ್ನೊಬ್ಬರಿಗೆ ಹೋಗುವಂಥದ್ದಲ್ಲ ಎಂದು ನನಗೇನು ಗೊತ್ತು? ಮಾಮ ಸಿಟ್ಟಾಗಲಿಲ್ಲ.

"ಇದು ಕೊಡೂದಲ್ಲವಾ. ಬೆರಳು ಹೋದಮ್ಯಾಲ ಆ ಮಿಷನ್ ಸಪ್ಪಳ ಕೇಳಿದ್ರ ನಾ ಬೆವರ್ತಿದ್ದೆ. ಪೂಜಿಗೆ ಕುಂತ್ರ ಅಂಗೈಯಾಗ ಲಿಂಗ ಗಡಗಡ ಅಲಗಾಡೋದು. ನಿನಗ ಅಂಜಿಕಿ ಎಷ್ಟೈತಿ ನೋಡ್ಕೊ ಅಂತ ಆ ದೇವ್ರ ತೋರಸ್ತಿದ್ದ. ನಾ ಅವನ್ನ ನೋಡ್ಕೋತ ಕುಂತೆ, ದಿನಾ. ಎರಡು ತಿಂಗಳಿಗೆ ಅಲಗಾಡೂದು ಕಡಿಮಿ ಆತು. ಅದ ಮಿಷನ್ ಮುಂದ ಹೋಗಿ ನಿಂತೆ." ಆಮೇಲೆ ಕೇಳಿದರು: "ನಿಮ್ಮ ಮನಿ ದೇವರು ಯಾರು?"

ಹೇಳಲು ನಾಚಿಕೆಯಾಯಿತು. "ಮುನೇಶ್ವರ, ಮಾಮ. ನಾವು ಕೋಳಿ ಕುಯ್ತೀವಿ."

"ಕೋಳಿ ತಿನ್ನಾಂವ ಪರೀಕ್ಷಾಕ್ಕ ಬರಂಗಿಲ್ಲಂತ ಯಾರ್ ಹೇಳ್ಯಾರ?" ಮಾಮ ನಕ್ಕರು. "ಅಂಗೈಯಾಗ ಅವನ್ನ ಕುಂಡ್ರಿಸ್ಕೊ. ನಡುಗಿದ್ರ ನಡುಗಲಿ. ಕೈ ಮಾತ್ರ ಮುಚ್ಚಬ್ಯಾಡ."

ಅಂದಿನಿಂದ ದಿನಾ ಬೆಳಿಗ್ಗೆ ಗೋಡೆಯಾಚೆ ಅವರು, ಈಚೆ ನಾನು. ಅಮ್ಮ "ಇದೇನೇ ಬರೀ ಕೈ ನೋಡ್ಕಂಡ್ ಕೂತವ್ಳೆ!" ಅನ್ನುತ್ತಿದ್ದಳು.

ಪರೀಕ್ಷೆಯ ದಿನ ಮೇಜಿನ ಕೆಳಗೆ ಎಡಗೈ ಬಿಚ್ಚಿ ನಿಂತಿದ್ದೆ. ಪರೀಕ್ಷಕರ ಕಣ್ಣಿಗೆ ಬಿತ್ತು.

"ಏನಮ್ಮಾ ಅದು, ಚೀಟಿನಾ? ತೋರ್ಸು."

ಮೇಜಿನ ಮೇಲಿಟ್ಟೆ. ನಡುಗುವ ಖಾಲಿ ಅಂಗೈ.

"ಏನೂ ಇಲ್ವಲ್ಲ?"

"ಇದ್ದಾನೆ ಸಾರ್," ಬಾಯಿಂದ ಬಂದೇಬಿಟ್ಟಿತು. "ನಮ್ಮ ಮುನೇಶ್ವರ."

ಅಟೆಂಡರ್ ಕಿಸಕ್ಕನೆ ನಕ್ಕ. ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ಸರಿ, ಅವನೂ ಕೇಳಿಸ್ಕೊಳ್ಳಲಿ. ದ್ರಾವಣಕ್ಕೆ ಗುಲಾಬಿ ಬಣ್ಣ ಯಾಕೆ ಬಂತು ಹೇಳು."

ಹೇಳಿದೆ. ಕೇಳಿದ್ದಕ್ಕೆಲ್ಲ ಹೇಳಿದೆ. ಕೈ ನಡುಗುತ್ತಲೇ ಇತ್ತು, ಮಾತು ನಿಲ್ಲಲಿಲ್ಲ.

ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದವಳು ನಾನೇ ಮೊದಲು. ಪದವಿ ಪಡೆದವಳೂ ನಾನೇ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಂಕಪಟ್ಟಿಯನ್ನು ಕಣ್ಣಿಗೊತ್ತಿಕೊಂಡು ಮಾಮ ಇಡೀ ವಠಾರಕ್ಕೆ ಕೇಳುವಂತೆ ಕೂಗಿದ್ದರು: "ನಮ್ಮ ಕರಡಿ ಬಿ.ಎಸ್ಸಿ. ಪಾಸಾತು!"

ನಾನು ಹೆಬ್ಬಾಳದಲ್ಲಿ ಹೈಸ್ಕೂಲು ಮೇಡಂ ಆದ ಮೂರನೆಯ ವರ್ಷ ಮಾಮ ತೀರಿಕೊಂಡರು. ಅವರ ಪದ್ಧತಿಯಂತೆ ಕೂರಿಸಿ, ಆ ಮೂರು ಬೆರಳಿನ ಅಂಗೈಯಲ್ಲಿ ಲಿಂಗವಿಟ್ಟು, ಸಮಾಧಿ ಮಾಡಿದರು. ಎರಡು ಪಾಳಿಯ ಕಾರ್ಮಿಕರು ನೆರೆದಿದ್ದರು. ಯಾರೋ, "ಮೇಡಂ, ನೀವ್ ಎರಡ್ ಮಾತಾಡಿ," ಅಂದರು. ಅಷ್ಟು ಜನರ ಎದುರು ನಾನು ಎಂದೂ ನಿಂತವಳಲ್ಲ. ಎಡಗೈ ಆಗಲೇ ನಡುಗತೊಡಗಿತ್ತು. ಮುಚ್ಚಲಿಲ್ಲ.

"ಇವರ ಮನೇಲಿ ಒಂದು ಕರಡಿ ಇತ್ತು," ಎಂದು ಶುರುಮಾಡಿದೆ.