ಸೀಮೆಎಣ್ಣೆ ಡಬ್ಬದ ಬದನೆ ಗಿಡಗಳು

ನಮ್ಮ ಶಾಂತಾಳಿಗೆ ಹೋದ ವಾರ ಸ್ಕೂಲಿನಲ್ಲಿ ಫಸ್ಟ್ ಪ್ರೈಜ್ ಬಂತು. ಬೇರೆಯವರ ಗಿಡಕ್ಕೆ.

ಶಾಂತಾ ನನ್ನ ಮಗನ ಮಗಳು. ಇಲ್ಲೇ ಮದ್ರಾಸಿನ ನುಂಗಂಬಾಕ್ಕಂನಲ್ಲಿ ಮೂರನೆಯ ಕ್ಲಾಸು ಓದುತ್ತಾಳೆ. ಎರಡು ತಿಂಗಳ ಹಿಂದೆ ಅವರ ಟೀಚರು ಮಕ್ಕಳಿಗೆಲ್ಲ ನಾಲ್ಕು ನಾಲ್ಕು ಅವರೆ ಬೀಜ ಕೊಟ್ಟರು. ಮನೆಯಲ್ಲಿ ಡಬ್ಬದಲ್ಲಿ ಬೆಳೆಸಿ ಎಗ್ಜಿಬಿಷನ್ನಿಗೆ ತರಬೇಕು. ಶಾಂತಾ ಬಿತ್ತಿದಳು. ಬೆಳಿಗ್ಗೆ ನೀರು, ಸಂಜೆ ನೀರು, ಸ್ಕೂಲಿಗೆ ಹೊರಡುವಾಗ ಇನ್ನೊಂದು ಲೋಟ ನೀರು. (ಮಗ್ಗಿಯನ್ನು ಇಷ್ಟು ಭಕ್ತಿಯಿಂದ ಕಲಿತಿದ್ದರೆ!) ಎಗ್ಜಿಬಿಷನ್ನಿಗೆ ಮೂರು ದಿನ ಇದೆ ಎನ್ನುವಾಗ ಗಿಡ ಹಳದಿಯಾಗಿ ಬಿದ್ದುಕೊಂಡಿತು.

ಮಗು ಅತ್ತಿತು. ಸೊಸೆ ಎದುರು ಬಂಗಲೆಯ ತೋಟದವನಿಗೆ ಹೇಳಿ ಎಲೆ ತುಂಬಿದ ಅವರೆ ಗಿಡವೊಂದನ್ನು ಕುಂಡದ ಸಮೇತ ತರಿಸಿದಳು. ನಾನು ಮಗನ ಮುಖ ನೋಡಿದೆ. ‘ಒಂದು ಗಿಡ ತಾನೇಮ್ಮಾ, ಬಿಡು’ ಎಂದ. ಬಿಟ್ಟೆ.

ಬಹುಮಾನ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸೋಪು ಡಬ್ಬಿ. ಎಲ್ಲರಿಗೂ ಕಾಣಲಿ ಎಂದು ರೇಡಿಯೋ ಮೇಲೆ ಇಟ್ಟಿದ್ದಾರೆ. ಅದನ್ನು ನೋಡಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಮುದುಕಿ ಯಾಕೆ ಇಷ್ಟು ಮುಖ ಬಾಡಿಸಿಕೊಂಡಿದ್ದಾಳೆ ಎನ್ನುತ್ತೀರಾ? ಹೇಳುತ್ತೇನೆ, ಮಕ್ಕಳೇ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ವಾರವಾರವೂ ಈ ಪತ್ರಿಕೆಗೆ ಬರೆಯುವುದು. (ನಿಮ್ಮಲ್ಲಿ ಅರ್ಧ ಜನಕ್ಕೆ ಕನ್ನಡ ಓದಲು ಬಾರದು. ಅದು ಬೇರೆ ದುಃಖ.)

ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಆಗ ನಾವಿದ್ದದ್ದು ತ್ರಿಪ್ಲಿಕೇನಿನಲ್ಲಿ. ಮಗ ಇನ್ಷೂರೆನ್ಸ್ ಆಫೀಸಿಗೆ ಹೊಸದಾಗಿ ಸೇರಿದ್ದ. ನಮ್ಮೂರು ಕೊಳ್ಳೇಗಾಲದ ಹತ್ತಿರ. ಕೊಳ್ಳೇಗಾಲ ಇನ್ನೂ ಮದ್ರಾಸಿಗೇ ಸೇರಿದ್ದ ಕಾಲ ಅದು. ಆ ಕಡೆಯ ಹುಡುಗರು ಟ್ರೈನಿಂಗಿಗೆ ಇಷ್ಟು ದೂರ ಬರುತ್ತಿದ್ದರು. ಹಾಗೆ ಬಂದವನು ಪುಟ್ಟಸ್ವಾಮಿ. ನಮಗೆ ದೂರದ ನೆಂಟ. ನನ್ನನ್ನು ದೊಡ್ಡವ್ವ ಎನ್ನುತ್ತಿದ್ದ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದ.

ಅವನು ಓದುತ್ತಿದ್ದದ್ದು ವ್ಯವಸಾಯ ಕಲಿಸುವ ಮೇಷ್ಟ್ರಾಗುವುದಕ್ಕೆ. ಹೌದು, ಹಾಗೊಂದು ಓದು ಇತ್ತು. ಹೈಸ್ಕೂಲಿನಲ್ಲಿ ಲೆಕ್ಕ, ಚರಿತ್ರೆಯ ಜೊತೆಗೆ ಬೇಸಾಯವನ್ನೂ ಕಲಿಸಬೇಕೆಂದು ಸರ್ಕಾರ ಹೊರಟಿತ್ತು. ಕಲಿಸುವವರು ಬೇಕಲ್ಲ? ಅವರನ್ನು ಈ ಕಡಲ ದಂಡೆಯ ಪಟ್ಟಣಕ್ಕೆ ಕರೆಸಿ, ಮರಳಿನಲ್ಲಿ ನಿಲ್ಲಿಸಿ, ಇಂಗ್ಲಿಷ್ ಪುಸ್ತಕ ಕೈಗೆ ಕೊಟ್ಟು ಬೇಸಾಯ ಹೇಳಿಕೊಡುತ್ತಿದ್ದರು.

ಪುಟ್ಟಸ್ವಾಮಿ ಸಂಜೆ ಹೊತ್ತು ಕೋಣೆಯಲ್ಲಿ ಗೋಡೆಗೆ ಪಾಠ ಮಾಡುತ್ತಿದ್ದ. ಕಾಲೇಜಿನಲ್ಲಿ ಕ್ರಿಟಿಸಿಸಂ ಲೆಸನ್ ಅಂತ ಒಂದು ಶಿಕ್ಷೆ. ಒಬ್ಬ ಪಾಠ ಮಾಡಬೇಕು. ಉಳಿದವರು ಹಿಂದೆ ಕೂತು ಅವನ ತಪ್ಪುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಅವನ ಪಾಠದ ಮೊದಲ ವಿದ್ಯಾರ್ಥಿನಿ ನಾನೇ, ಅಡಿಗೆಮನೆಯ ಬಾಗಿಲ ಹಿಂದೆ. ನಾನು ನಾಲ್ಕನೆಯ ಕ್ಲಾಸು ಓದಿದವಳು. ಹೊರಗಿನವರ ಮುಂದೆ ನನಗೆ ನಾಲಗೆ ಏಳುತ್ತಿರಲಿಲ್ಲ. ಅವನು ತಪ್ಪು ಹೇಳಿದರೆ ಒರಳುಕಲ್ಲನ್ನು ಸ್ವಲ್ಪ ಜೋರಾಗಿ ತಿರುಗಿಸುತ್ತಿದ್ದೆ. ಅಷ್ಟೇ ನನ್ನ ಕ್ರಿಟಿಸಿಸಂ.

ಅವನ ಜೊತೆ ಆಗಾಗ ಊಟಕ್ಕೆ ಬರುತ್ತಿದ್ದವನು ಅಂತೋಣಿ. ರಾಯಪುರಂನವನು. ಅಪ್ಪ ಕಟ್ಟುಮರದಲ್ಲಿ ಕಡಲಿಗೆ ಹೋಗುವವನು. ಮೀನಿನ ಮನೆಯ ಹುಡುಗ ಬೇಸಾಯ ಕಲಿಸುತ್ತಾನೆಯೇ ಎಂದು ಕ್ಲಾಸಿನಲ್ಲಿ ಎಲ್ಲರಿಗೂ ನಗು. ನಿಮ್ಮಪ್ಪನ ಬಲೆಗೆ ಬದನೆಕಾಯಿ ಬೀಳುತ್ತದಾ ಎಂದು ಕೇಳುತ್ತಿದ್ದರಂತೆ. ಬೀಳುತ್ತದೆ, ಬೆಂಡೆಕಾಯಿ ಮಾತ್ರ ತಪ್ಪಿಸಿಕೊಳ್ಳುತ್ತದೆ ಎನ್ನುತ್ತಿದ್ದನಂತೆ ಅವನು.

ನಮ್ಮ ಹಿತ್ತಲಿನಲ್ಲಿ ಗೋಡೆಯುದ್ದಕ್ಕೂ ಆರು ಸೀಮೆಎಣ್ಣೆ ಡಬ್ಬ ಇಟ್ಟಿದ್ದೆ. ಒಂದೊಂದರಲ್ಲಿ ಎರಡು ಬದನೆ ಗಿಡ. ಕೊಳಾಯಿ ನೀರಲ್ಲಿ ಅಕ್ಕಿ ತೊಳೆದು, ಆ ನೀರನ್ನೇ ಹಾಕಿ ಬೆಳೆಸಿದ್ದು. ಊರು ಬಿಟ್ಟು ಬಂದ ಮೇಲೆ ನನ್ನ ಹೊಲ ಅಷ್ಟೇ. ಕೈ ತೊಳೆಯಲು ಹಿತ್ತಲಿಗೆ ಹೋದಾಗಲೆಲ್ಲ ಅಂತೋಣಿ ಆ ಗಿಡಗಳ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದ. ಹೂವು ಮುಟ್ಟಿ ನೋಡುತ್ತಿದ್ದ.

ಕೊನೆಯ ಪರೀಕ್ಷೆಗೆ ಒಂದು ಕ್ರಮ ಇತ್ತು. ಪ್ರತಿ ವಿದ್ಯಾರ್ಥಿಗೂ ಕಾಲೇಜಿನ ಮೈದಾನದಲ್ಲಿ ಒಂದೊಂದು ಪಾತಿ. ಅದರಲ್ಲಿ ಅವನೇ ಬೆಳೆಯಬೇಕು. ಪರೀಕ್ಷೆಯ ದಿನ ಹತ್ತಿರದ ಸ್ಕೂಲಿನ ಹುಡುಗರನ್ನು ಕರೆತರುತ್ತಾರೆ. ತನ್ನ ಪಾತಿಯ ಪಕ್ಕ ನಿಂತು ಅವರಿಗೆ ಪಾಠ ಹೇಳಬೇಕು. ಪಾಠಕ್ಕೂ ಮಾರ್ಕ್ಸು, ಪಾತಿಗೂ ಮಾರ್ಕ್ಸು. ಚೀಟಿ ಎತ್ತಿದಾಗ ಇವರಿಬ್ಬರಿಗೆ ಬಂದದ್ದು ಮೈದಾನದ ಆ ತುದಿಯ ಎರಡು ಪಾತಿ. ಉಳಿದವರಿಗೆಲ್ಲ ಕೊಳಾಯಿ ಹತ್ತಿರ. ಇವರಿಗೆ ಹತ್ತಿರವಿದ್ದದ್ದು ಹಳೆಯ ಬಾವಿ. ಇಬ್ಬರೂ ಬದನೆ ಹಾಕಿದ್ದರು.

ಪರೀಕ್ಷೆಗೆ ಒಂದು ವಾರ ಇದ್ದಾಗ ಪುಟ್ಟಸ್ವಾಮಿ ಒಂದು ಗಿಡ ಕಿತ್ತು ತಂದು ನನ್ನ ಮುಂದೆ ಇಟ್ಟ. ಎಲೆಯ ಅಂಚೆಲ್ಲ ಬೆಂಕಿ ತಾಗಿದ ಹಾಗೆ ಸುಟ್ಟಿತ್ತು. ಬೇರಿಗೆ ಅಂಟಿದ ಮಣ್ಣಿನ ಮೇಲೆ ಬೆಳ್ಳಗೆ ಪುಡಿ.

“ಗೊಬ್ಬರ ಸಾಲ್ದು ಅಂತಾರೆ ದೊಡ್ಡವ್ವ. ಎರಡು ಕಿತ ಹಾಕ್ದೆ. ಇನ್ನೂ ಒಣಗ್ತಾನೇ ಅದೆ.”

“ಯಾವ ನೀರಪ್ಪ ಹಾಕದು?”

“ಅಲ್ಲೇ ಬಾವಿ ಅದಲ್ಲ, ಅದೇಯ.”

“ಆ ನೀರಲ್ಲಿ ಬೇಳೆ ಬೆಂದದಾ?”

ಅವನು ನನ್ನನ್ನೇ ನೋಡಿದ. ಬೇಳೆ ಯಾಕೆ ಬಂತು ಇಲ್ಲಿ? ಒಲೆಯ ಹತ್ತಿರ ಹೋಗದ ಗಂಡಸಿಗೆ ಹೇಗೆ ಗೊತ್ತಾಗಬೇಕು? ಬಾವಿ ನೀರು ಪಾತ್ರೆ ತೊಳೆಯುವುದಕ್ಕೆ, ಕೊಳಾಯಿ ನೀರು ಬೇಳೆ ಬೇಯಿಸುವುದಕ್ಕೆ ಎಂಬುದು ತ್ರಿಪ್ಲಿಕೇನಿನ ಹೆಂಗಸರಿಗೆಲ್ಲ ಗೊತ್ತು. ಬಿಸಿಲು ಏರಿದ ಹಾಗೆ ಕಡಲ ಕಡೆಯ ಬಾವಿಗಳು ಉಪ್ಪಾಗುತ್ತವೆ. ಅವರ ಪುಸ್ತಕದಲ್ಲಿ ಗೊಬ್ಬರದ ಅಧ್ಯಾಯ ಇತ್ತು. ಮೇಷ್ಟ್ರು ಅದನ್ನೇ ಹೇಳಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಮಂಡಿಗೆ ಹಣೆ ಹಚ್ಚಿ ಕೂತುಬಿಟ್ಟ. ಅವನ ಊರಿನ ಹೈಸ್ಕೂಲಿನಲ್ಲಿ ಬೇಸಾಯದ ಮೇಷ್ಟ್ರ ಜಾಗ ಅವನಿಗೆಂದೇ ಕಾದಿತ್ತು. ಜೂನ್ ಒಳಗೆ ಪಾಸಾಗಿ ಹೋದರೆ ಅವನಿಗೆ. ಇಲ್ಲವಾದರೆ ಇನ್ನೊಬ್ಬನಿಗೆ.

“ನಮ್ಮವ್ವನ್ಗೆ ಯಾನ ಅಂತ ಹೇಳ್ಲಿ?” ಎಂದ.

ಕಾರಣ ನಾಳೆ ಹೇಳಿದರಾಯಿತು, ಇವತ್ತು ಹುಡುಗನ ಕಣ್ಣೀರು ನಿಲ್ಲಲಿ ಎನ್ನಿಸಿತು. “ನನ್ನ ಗಿಡ ತಕೊಂಡೋಗು” ಎಂದೆ.

ಭಾನುವಾರ ಸಂಜೆ ಜಟಕಾದಲ್ಲಿ ಡಬ್ಬಗಳನ್ನಿಟ್ಟುಕೊಂಡು ಹೋದೆವು. ನಾನು ಕಾಲೇಜಿನ ಒಳಗೆ ಕಾಲಿಟ್ಟದ್ದು ಆಯುಸ್ಸಿನಲ್ಲಿ ಅದೊಂದೇ ಸಲ. ಡಬ್ಬ ಬೋರಲು ಹಾಕಿ ತಟ್ಟಿ, ಮಣ್ಣಿನ ಹೆಂಟೆ ಸಮೇತ ಗಿಡ ಬಿಡಿಸಿ, ಸಾಲಾಗಿ ಹನ್ನೆರಡನ್ನೂ ನಾನೇ ನೆಟ್ಟೆ. ಕೊಳಾಯಿಯಿಂದ ನೀರು ತರಿಸಿ ಹಾಕಿದೆ. ಎಷ್ಟೋ ವರ್ಷದ ಮೇಲೆ ಉಗುರಿನೊಳಗೆ ಮಣ್ಣು ಸೇರಿತ್ತು. ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ?

ಪಕ್ಕದಲ್ಲೇ ಅಂತೋಣಿಯ ಪಾತಿ. ಹನ್ನೆರಡು ಒಣ ಕಡ್ಡಿ. ಅವನಿಗೆ ಆರು ಗಿಡ ಕೊಡೋಣವೇ ಎಂದು ಮೆಲ್ಲಗೆ ಕೇಳಿದೆ.

“ಅರ್ಧರ್ಧ ಮಾಡುದ್ರೆ ಇಬ್ಬರ್ದೂ ಹೋಯ್ತದೆ ದೊಡ್ಡವ್ವ.”

ಸರಿ ಅನ್ನಿಸಿತು. ಸುಮ್ಮನಾದೆ. ಸುಮ್ಮನಾಗುವುದು ನನಗೆ ಯಾವತ್ತೂ ಸುಲಭ.

ಪರೀಕ್ಷೆ ಬುಧವಾರ. ಸಂಜೆ ಪುಟ್ಟಸ್ವಾಮಿ ಕುಣಿಯುತ್ತಾ ಬಂದ. ಪರೀಕ್ಷಕರು ಗಿಡ ನೋಡಿ ತಲೆದೂಗಿದರಂತೆ. ಹೂವು ಎಣಿಸಿದರಂತೆ. ಪಾಠ ಹೇಗಾಯಿತು ಎಂದೆ. ಗೋಡೆಗೆ ಹೇಳಿದ ಹಾಗೇ ಹೇಳಿದೆ ಎಂದು ನಕ್ಕ. ಆಮೇಲೆ ಅಂತೋಣಿಯ ಕಥೆ ಹೇಳಿದ.

ಅಂತೋಣಿ ಪಾತಿಯಲ್ಲಿ ಏನನ್ನೂ ಮುಚ್ಚಿರಲಿಲ್ಲ. ಹುಡುಗರ ಮುಂದೆ ಒಂದು ಒಣ ಗಿಡ ಕಿತ್ತು, ಇದು ಯಾಕೆ ಸತ್ತಿತು ಹೇಳಿ ಎಂದನಂತೆ. ಒಬ್ಬ ಹುಳ ಎಂದ. ಒಬ್ಬ ಬಿಸಿಲು ಎಂದ. ಅಂತೋಣಿ ಚಿಟಿಕೆ ಮಣ್ಣು ತೆಗೆದು ತನ್ನ ನಾಲಗೆಗೆ ಇಟ್ಟುಕೊಂಡ. ನೀವೂ ನೋಡಿ ಎಂದ. ಹುಡುಗರು ನೆಕ್ಕಿ, ಥೂ ಎಂದು ಉಗಿದು, ಮತ್ತೆ ನೆಕ್ಕಿದರು. ಎರಡು ತಟ್ಟೆ ಇಟ್ಟಿದ್ದನಂತೆ. ಒಂದರಲ್ಲಿ ಬಾವಿ ನೀರು, ಒಂದರಲ್ಲಿ ಕೊಳಾಯಿ ನೀರು, ಹಿಂದಿನ ದಿನವೇ ಬಿಸಿಲಿಗೆ ಒಣಗಿಸಿದ್ದು. ಒಂದು ತಟ್ಟೆಯ ತಳದಲ್ಲಿ ಬೆಳ್ಳಗೆ ಉಪ್ಪು. ನಮ್ಮಪ್ಪನ ಬಲೆ ಒಣಗಿದರೂ ಹೀಗೇ ಬೆಳ್ಳಗಾಗುತ್ತದೆ ಎಂದನಂತೆ. ಬೆಲ್ ಹೊಡೆದರೂ ಹುಡುಗರು ಅವನನ್ನು ಬಿಡಲಿಲ್ಲವಂತೆ.

ಪರೀಕ್ಷಕರು ಬರೆದದ್ದು ಒಂದೇ ಸಾಲು. ಪಾತಿಯಲ್ಲಿ ಬೆಳೆ ಇಲ್ಲ.

“ಹುಚ್ಚ ಕನ ದೊಡ್ಡವ್ವ. ಐಕ್ಳಿಗೆ ಮಣ್ಣು ನೆಕ್ಕಿಸ್ದ.”

ಅವತ್ತು ನಮ್ಮ ಮನೆಯಲ್ಲಿ ಅನ್ನ ಸೀದುಹೋಯಿತು.

ರಿಸಲ್ಟ್ ಬಂತು. ಪುಟ್ಟಸ್ವಾಮಿ ಪಾಸು. ಅಂತೋಣಿ ಫೇಲು. ನಾಲ್ಕು ದಿನ ಬಿಟ್ಟು ಅಂತೋಣಿ ಹೇಳಿಹೋಗಲು ಬಂದ. ಪುಟ್ಟಸ್ವಾಮಿ ಟಿಕೆಟ್ ತರಲು ಸ್ಟೇಷನ್ನಿಗೆ ಹೋಗಿದ್ದ. ನಾನು ಬಾಗಿಲ ಹಿಂದೆ ನಿಂತೆ. ಅವನು ಮುಖ ತೊಳೆಯಲು ಹಿತ್ತಲಿಗೆ ಹೋದ. ಬಹಳ ಹೊತ್ತು ನೀರಿನ ಸದ್ದೇ ಇಲ್ಲ. ಬಗ್ಗಿ ನೋಡಿದೆ. ಗೋಡೆಯ ಪಕ್ಕ ಆರು ಡಬ್ಬಗಳ ಮುಂದೆ ನಿಂತಿದ್ದ.

“ಟಿನ್ನೆಲ್ಲಾಂ ಕಾಲಿಯಾ ಇರುಕ್ಕೇ, ಅಮ್ಮಾ” ಎಂದ.

ಡಬ್ಬಗಳೆಲ್ಲ ಖಾಲಿ ಇವೆಯಲ್ಲ, ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಏನು ಹೇಳಬಹುದಿತ್ತು? ನಿನ್ನ ಪಾಠವೇ ಪಾಠ ಎನ್ನಬಹುದಿತ್ತು. ಅದನ್ನು ಕೇಳಿ ನನಗೆ ಅನ್ನ ಸೀದದ್ದು ಗೊತ್ತಾಗಲಿಲ್ಲ ಎನ್ನಬಹುದಿತ್ತು. ತಪ್ಪಾಯಿತಪ್ಪ ಎನ್ನಬಹುದಿತ್ತು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟೆ. ಅವನು ನಿಂತೇ ಕುಡಿದ. ಲೋಟ ತೊಳೆದು ಇಟ್ಟ. ಕೈ ಮುಗಿದು ಹೋದ.

ಕಾಲೇಜಿಗೆ ಹೋಗಿ ಅವನು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ಪುಟ್ಟಸ್ವಾಮಿಯ ಪಾಸು ಉಳಿಯುತ್ತಿರಲಿಲ್ಲ. ಹೇಳಲಿಲ್ಲ. ಬಂದರಿನಲ್ಲಿ ಮೂಟೆ ಇಳಿಸುವವರ ಮೇಲೆ ಮೇಸ್ತ್ರಿಯಾಗಿದ್ದಾನೆ ಎಂದು ಮುಂದೆ ಯಾರೋ ಹೇಳಿದರು.

ಪುಟ್ಟಸ್ವಾಮಿ ಚೆನ್ನಾಗಿದ್ದಾನೆ. ಊರಲ್ಲಿ ಅವನಿಗೆ ಮರ್ಯಾದೆ ಇದೆ. ಹೋದ ವರ್ಷ ಒಂದು ಕಾರ್ಡು ಬರೆದಿದ್ದ. ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ಪಕ್ಕದ ತೋಟದಿಂದ ಸಸಿ ತರಿಸಿ ಸ್ಕೂಲಿನ ಪಾತಿಯಲ್ಲಿ ನೆಡಿಸಿದನಂತೆ. ‘ಗುಡ್’ ಎಂದು ಬರೆದುಹೋದರಂತೆ. ಕೊನೆಯಲ್ಲಿ ಒಂದು ಸಾಲು: ಎಲ್ಲ ನೀವು ಕಲಿಸಿದ್ದೇ, ದೊಡ್ಡವ್ವ.

ಅವನು ಹೇಳಿದ್ದು ನಿಜ. ಬದನೆ ಯಾಕೆ ಸತ್ತಿತು ಎಂದು ನಾನು ಅವನಿಗೆ ಕೊನೆಗೂ ಹೇಳಲಿಲ್ಲ. ಅಂತೋಣಿಯ ಪಾಠ ಅವನಿಗೆ ನಗುವುದಕ್ಕಷ್ಟೇ ಆಯಿತು, ಅವನೂ ನನ್ನನ್ನು ಕೇಳಲಿಲ್ಲ. ಪಾಸಾದ ಮೇಲೆ ಯಾರು ಕೇಳುತ್ತಾರೆ? ಬೇಸಾಯ ಕಲಿಸುವ ಮೇಷ್ಟ್ರಿಗೆ ನಾನು ಕಲಿಸಿದ ಬೇಸಾಯ ಅದೊಂದೇ.

ನಿನ್ನೆ ಮಧ್ಯಾಹ್ನ ಧೈರ್ಯ ಮಾಡಿ ಶಾಂತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ನಾನು ಕನ್ನಡದಲ್ಲಿ, ಅವಳು ತಮಿಳಿನಲ್ಲಿ. ಮಣ್ಣು ನೆಕ್ಕಿದ ಜಾಗಕ್ಕೆ ಬಂದಾಗ ಕಿಲಕಿಲ ನಕ್ಕಳು. ಖಾಲಿ ಡಬ್ಬದ ಜಾಗದಲ್ಲಿ ನಗಲಿಲ್ಲ. ಎದ್ದು ಹೋಗಿ ಮಂಚದ ಕೆಳಗಿಂದ ತನ್ನ ಸತ್ತ ಗಿಡದ ಡಬ್ಬ ತಂದು ನನ್ನ ಮುಂದೆ ಇಟ್ಟಳು. (ಡಬ್ಬದ ತಳದಲ್ಲಿ ತೂತೇ ಇರಲಿಲ್ಲ. ಹಾಕಿದ ನೀರೆಲ್ಲ ನಿಂತು ಬೇರು ಕೊಳೆತಿತ್ತು. ತೂತಿಲ್ಲದ್ದು ನನಗೆ ಮೊದಲ ವಾರವೇ ಕಂಡಿತ್ತು.)

“ಅಜ್ಜಿ” ಎಂದಳು. ಉಳಿದದ್ದನ್ನು ತಮಿಳಿನಲ್ಲಿ ಕೇಳಿದಳು. ತನ್ನ ಗಿಡ ಯಾಕೆ ಸತ್ತಿತು? ಪ್ರೈಜನ್ನು ಟೀಚರಿಗೆ ವಾಪಸ್ ಕೊಡಬೇಕಾ?

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಗ ಪೇಪರ್ ಕೆಳಗಿಳಿಸಿ ನನ್ನ ಕಡೆ ನೋಡಿದ.

ನಾನು ಎದ್ದುಹೋಗಿ ಅವಳಿಗೂ ಒಂದು ಲೋಟ ಮಜ್ಜಿಗೆ ತಂದುಕೊಟ್ಟೆ.