ಎರಡು ರಿಂಗಿಗೆ ಇಟ್ಟ ಎಸರು

ಸ್ನೇಹಿತರೇ, ಇವತ್ತಿನ ಖರ್ಚು: ಅರಸೀಕೆರೆಯಿಂದ ತಂದ ಹಳೇ ಮೋಡೆಮ್‌ಗೆ ನಾನೂರು, ವೈರಿಗೆ ಅರವತ್ತು, ಆಮೇಲೆ ನನ್ನದೊಂದು ಇಡೀ ದಿನ.

ತೀರಿಕೊಂಡ ಗೆಳೆಯ ಶಿವಣ್ಣನ ಬೇಲೂರಿನ ಟೈಪಿಂಗ್ ಅಂಗಡಿಯಲ್ಲಿ ಒಂದು ಡಾಸ್ ಕಂಪ್ಯೂಟರ್ ಉಳಿದಿತ್ತು. ಅಂಗಡಿ ಖಾಲಿ ಮಾಡಬೇಕು. ಅವನ ಹೆಂಡತಿ ಗೌರಮ್ಮ "ಮಾರಿಬಿಡಿ ಅಣ್ಣ" ಅಂದಿದ್ದರು. ಗುಜರಿಯವನು ತೂಕಕ್ಕೆ ಕೇಳಿದ. ಹಳೇ ಕಂಪ್ಯೂಟರ್ ಕೂಡಿಡುವ ಮೈಸೂರಿನ ಒಬ್ಬರು ಮಾತ್ರ, ಅದಕ್ಕೆ ಇಂಟರ್ನೆಟ್ ಹತ್ತಿಸಿ ತೋರಿಸಿದರೆ ಒಳ್ಳೇ ಬೆಲೆ ಕೊಡುತ್ತೇನೆಂದರು.

ಮೋಡೆಮ್‌ನಿಂದ ಡಯಲ್ ಮಾಡಿಸುವ ಆಜ್ಞೆಗಳ ಸ್ಕ್ರಿಪ್ಟನ್ನು ಶಿವಣ್ಣ ಎಂದೋ ತಾನೇ ಬರೆದಿಟ್ಟಿದ್ದ. ಅದರಲ್ಲಿ ಈಗ ನಡೆಯದ ಇಂಟರ್ನೆಟ್ಟಿನ ಹಳೇ ನಂಬರ್ ತೆಗೆದು, ಇಂಟರ್ನೆಟ್ ಇರುವ ನನ್ನ ಮನೆಯ ಕಂಪ್ಯೂಟರಿಗೆ ಹೋಗುವ ನಂಬರ್ ಹಾಕಿದೆ. ಸಂಜೆ ಮೋಡೆಮ್ ಕಿರುಚಾಡಿ, ಕೊನೆಗೆ ಕಪ್ಪು ಪರದೆಯ ಮೇಲೆ ಇವತ್ತಿನ ಸುದ್ದಿ ಮೂಡಿತು. ಫೋಟೋ ತೆಗೆದು ಸಂಪರ್ಕ ಕಡಿದೆ. ಮೋಡೆಮ್ ತಾನಾಗಿಯೇ ಇನ್ನೊಂದು ನಂಬರ್ ಒತ್ತಿ, ಎರಡು ರಿಂಗ್ ಕೊಟ್ಟು ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ಹಗರೆಯ ಮನೆಯಿಂದ ಗೌರಮ್ಮನ ಫೋನ್.

"ಅಣ್ಣಾ, ಅಂಗಡೀಲಿ ನೀವಿದ್ದೀರಾ?"

"ಹೂಂ ಕಣಮ್ಮ, ಯಾಕೆ?"

"ಮನೆ ಫೋನು ಎರಡೇ ಸಲ ಬಡ್ಕೊಂಡು ನಿಂತೋಯ್ತು. ಇವ್ರು ಕೆಲಸ ಮುಗಿಸಿ ಬಸ್ ಹತ್ತೋ ಮುಂಚೆ ಹಂಗೇ ಮಾಡಿಸ್ತಿದ್ರು. ಮುದ್ದೆಗೆ ಎಸರು ಇಟ್ಬಿಟ್ಟೆ. ಇಟ್ಟ ಮೇಲೆ ಜ್ಞಾಪಕ ಬಂತು."

ಸ್ಕ್ರಿಪ್ಟ್ ತೆರೆದು ಕೊನೆಯವರೆಗೆ ನೋಡಿದೆ; ಕೊನೇ ಸಾಲಿನಲ್ಲಿ ಅವನ ಮನೆಯ ನಂಬರ್ ಇತ್ತು.

"ಎಸರು ಕುದೀತೈತೆ. ನೀವಾದ್ರೂ ಬನ್ನಿ. ಆ ಕಂಪ್ಯೂಟರ್ ಯಾರಿಗೂ ಕೊಡೋದು ಬ್ಯಾಡ."

ಉಂಡು ಬಂದು ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಗುಜರಿಯವನಿಗೆ ಏನೂ ಇಲ್ಲ. ಮೈಸೂರಿನವರಿಗೆ ಒಂದು ಫೋಟೋ. ನನಗೆ ಶಿವಣ್ಣನ ಪಾಲಿನ ಮುದ್ದೆ. ಗೌರಮ್ಮನಿಗೆ ಎರಡು ರಿಂಗು.