ಹಲಗೇರಿ ರಸ್ತೆಯ ಗೇರ್‌ಬಾಕ್ಸ್ ಕರಬಸಪ್ಪ

ಸೋಮವಾರ ಬೆಳಗಿನ ಐದೂವರೆ. ರಾಣೆಬೆನ್ನೂರಿನ ಹಲಗೇರಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಪಿಕಪ್ ಗಾಡಿ ಮೂತಿ ಎತ್ತಿ ನಿಂತಿದೆ. ಅದರ ಕೆಳಗೆ ಎರಡು ಕಾಲುಗಳಷ್ಟೇ ಕಾಣುತ್ತವೆ. ಐವತ್ನಾಲ್ಕು ವರ್ಷದ ಕರಬಸಪ್ಪ ನಿನ್ನೆ ತಾವೇ ಕೂಡಿಸಿದ ಗೇರ್‌ಬಾಕ್ಸನ್ನು ಮತ್ತೆ ಬಿಚ್ಚುತ್ತಿದ್ದಾರೆ. ಯಾಕೆ ಬಿಚ್ಚುತ್ತಿದ್ದೇನೆ ಎಂಬುದು ಅವರಿಗೂ ಸರಿಯಾಗಿ ಗೊತ್ತಿಲ್ಲ.

“ಎಂಜಿನ್ ಬಂದ್ ಇದ್ದಾಗ ಐದೂ ಗೇರ್ ಹೂವಿನಂಗ ಬೀಳ್ತಾವ್ರಿ. ಚಾಲೂ ಮಾಡಿದ್ರ ಒಂದೂ ಬೀಳವಲ್ದು, ಕರಕರ ಹಲ್ಲು ಕಡೀತೈತಿ. ಇದರ ಹಕೀಕತ್ತ ತಿಳಿವಲ್ದು,” ಎನ್ನುತ್ತದೆ ಗಾಡಿಯ ಕೆಳಗಿನ ದನಿ.

ಗಾಡಿಯ ಮಾಲೀಕ ಹಲಗೇರಿಯ ನಿಜಲಿಂಗಪ್ಪ ಹಳೆಯ ಟೈರಿನ ಮೇಲೆ ಕುಳಿತು ಕಾಯುತ್ತಿದ್ದಾರೆ. ಊರಿನ ಐದು ಮನೆಗಳ ಮೆಣಸಿನಕಾಯಿ ಇವತ್ತಿನ ಬ್ಯಾಡಗಿ ಮಾರ್ಕೆಟ್ಟಿಗೆ ಇದೇ ಗಾಡಿಯಲ್ಲಿ ಹೋಗಬೇಕು. ಒಂಬತ್ತರೊಳಗೆ ಚೀಲ ಏರದಿದ್ದರೆ ಅವರು ಬೇರೆ ಗಾಡಿ ಕರೆಯುತ್ತಾರೆ. ಒಮ್ಮೆ ಬೇರೆ ಗಾಡಿ ಹತ್ತಿದ ಚೀಲ ಈ ಹಂಗಾಮಿನಲ್ಲಿ ಮರಳಿ ಬರುವುದಿಲ್ಲ.

“ಕನ್ಯಾ ಆರಿಸಿ ತಂದಾವ ನೀನ, ಕರಬಸಣ್ಣ. ಈಗ ಮಾತಾಡವಲ್ದು ಅಂದ್ರ ನಾ ಯಾರನ್ನ ಕೇಳ್ಲಿ?” ಗೇರ್‌ಬಾಕ್ಸಿನ ಬಗ್ಗೆ ನಿಜಲಿಂಗಪ್ಪನವರ ದೂರು.

“ನೋಡಾಕ ಹೋದಾಗ ಚಂದಗೆ ಮಾತಾಡಿತ್ತಪಾ.”

ಇಷ್ಟು ಹಳೆಯ ಗಾಡಿಗೆ ಹೊಸ ಗೇರ್‌ಬಾಕ್ಸ್ ಸಿಗುವುದಿಲ್ಲ. ಹಾವೇರಿಯ ಗುಜರಿ ಅಂಗಡಿಗಳಲ್ಲಿ ಹುಡುಕಬೇಕು. ಅಲ್ಲಿ ಕರಬಸಪ್ಪ ಒಂದೊಂದು ಗೇರ್‌ಬಾಕ್ಸನ್ನೂ ನೆಲಕ್ಕಿಟ್ಟು, ಕಣ್ಣು ಮುಚ್ಚಿ, ಕಿವಿ ಹಚ್ಚಿ, ಅದರ ಶಾಫ್ಟನ್ನು ಕೈಯಿಂದ ತಿರುಗಿಸುತ್ತಾರೆ. “ಒಳಗ ಬೇರಿಂಗ್ ಗೊಣಗಿದ್ರ ಬಿಟ್ಟು ಬರ್ತೇನಿ.” ಹೀಗೆ ಆರನ್ನು ಬಿಟ್ಟು ಏಳನೆಯದನ್ನು ತಂದಿದ್ದಾರೆ. ಅದೇ ಈಗ ಕೈಕೊಟ್ಟಿದೆ. ನಿನ್ನೆ ಸಂಜೆ ಕ್ಲಚ್ ಕೇಬಲ್ ಬದಲಿಸಿದರು, ಪೆಡಲ್ ಬಿಗಿ ಮಾಡಿದರು, ಎಣ್ಣೆ ಇಳಿಸಿ ಬೇರೆ ಹಾಕಿದರು. ಏನೂ ಆಗಲಿಲ್ಲ. “ಕಿವೀನ ಮುಪ್ಪಾದವೇನೋ ಅಂತ ಖರೇನ ಅಂಜಿಕಿ ಬಂತ್ರಿ. ಕಿವಿ ಹೋದ್ರ ನನ್ನ ಹತ್ರ ಇನ್ನೇನೈತಿ?”

ತಂದೆ ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದವರು. ಮಗ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹಾವೇರಿಯ ಗ್ಯಾರೇಜು ಸೇರಿದರು. ಈ ಕೆಲಸಕ್ಕೆ ಈಗ ನಲವತ್ತೊಂದು ವರ್ಷ. ತಿಂಗಳಿಗೆ ಐದಾರು ಗೇರ್‌ಬಾಕ್ಸ್, ಒಂದೊಂದೂ ನಲವತ್ತು ಕಿಲೋ ಮೀರಿದ್ದು. ಅಂಗಾತ ಮಲಗಿ ಎದೆಯ ಮೇಲೆ ಇಳಿಸಿಕೊಳ್ಳಬೇಕು, ಎದೆಯಿಂದಲೇ ಏರಿಸಬೇಕು. ಒಮ್ಮೆ ಜಾರಿ ಬಿದ್ದು ಎರಡು ಪಕ್ಕೆಲುಬು ಮುರಿದಿವೆ. ಅಂದಿನಿಂದ ಗೇರ್‌ಬಾಕ್ಸ್ ಜಾರದಂತೆ ಗಾಡಿಗೆ ಹಳೆಯ ಟ್ಯೂಬು ಕಟ್ಟಿ ಅದಕ್ಕೆ ತೂಗುಹಾಕಿಕೊಳ್ಳುತ್ತಾರೆ. ಎಡಗೈಯ ಕಿರುಬೆರಳು ಮಡಚುವುದಿಲ್ಲ.

ಆರೂ ಮುಕ್ಕಾಲಿಗೆ ಗೇರ್‌ಬಾಕ್ಸ್ ಕೆಳಗಿಳಿಯುತ್ತದೆ. ಅದರ ಮುಂದೆ ಚಾಚಿಕೊಂಡಿರುವ ಶಾಫ್ಟಿಗೆ ಉದ್ದುದ್ದ ಗೀರುಗಳಿವೆ. ಪೆಡಲ್ ಒತ್ತಿದಾಗ ಕ್ಲಚ್ ಪ್ಲೇಟು ಆ ಗೀರುಗಳ ಮೇಲೆ ಸಲೀಸಾಗಿ ಸರಿಯಬೇಕು. ಕರಬಸಪ್ಪ ಟಾರ್ಚು ಹಿಡಿದು ನೋಡುತ್ತಾರೆ. ಗೀರಿನ ತುಂಬ ಕಂದು ಬಣ್ಣದ ಏನೋ ಗಟ್ಟಿಯಾಗಿ ಕೂತಿದೆ. ಉಗುರಿನಿಂದ ಕೆರೆದು ಮೂಸುತ್ತಾರೆ. ಒಂದು ಗಳಿಗೆ ಯೋಚಿಸಿ ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ.

“ನಿಜಲಿಂಗಾ, ಇದು ಸಿಹಿ ಐತಲೋ.”

ಅಷ್ಟರಲ್ಲಿ ನಿಜಲಿಂಗಪ್ಪನವರ ತಾಯಿ ಗದಿಗೆವ್ವ ರೊಟ್ಟಿಯ ಗಂಟು ಹಿಡಿದು ಬರುತ್ತಾರೆ. ವಿಷಯ ಕೇಳಿ ಅವರಿಗೆ ಆಶ್ಚರ್ಯವೇನೂ ಆಗುವುದಿಲ್ಲ. ನಿನ್ನೆ ಕರಬಸಪ್ಪ ಊಟಕ್ಕೆ ಹೋದಾಗ ಅವರೇ ಗೇರ್‌ಬಾಕ್ಸಿಗೆ ವಿಭೂತಿ ಬಳಿದು ಪೂಜೆ ಮಾಡಿದ್ದಾರೆ.

“ಹೊಸಾದು ಬಂದೈತಿ, ಬಾಯಿ ಸಿಹಿ ಮಾಡದ ಹೆಂಗ ಒಳಗ ಕರಕೊಳ್ಳೂದು? ಈಬತ್ತಿ ಹಚ್ಚಿ, ಮೂತಿಗೆ ಬೆಲ್ಲ ತಿನಿಸಿದೆ.”

“ಯವ್ವಾ, ಗಾಡಿಗೆ ಯಾರರ ಬೆಲ್ಲ ತಿನಿಸ್ತಾರೇನ?” ನಿಜಲಿಂಗಪ್ಪ ಹಣೆ ಹಿಡಿದುಕೊಳ್ಳುತ್ತಾರೆ.

ಕರಬಸಪ್ಪ ನಡುವೆ ಬಾಯಿ ಹಾಕುತ್ತಾರೆ. “ಆಯಿಗೆ ಅನಬ್ಯಾಡ. ಈಬತ್ತಿ, ಬೆಲ್ಲ ಎಲ್ಲಾ ನಾನೂ ಕಂಡಿದ್ದೆ. ಪೂಜಿ ಮಾಡಿದ್ದನ್ನ ಒರಸಬಾರದು ಅಂತ ಕೈಮುಗಿದು ಹಂಗ ಏರಿಸಿದೆ. ತಪ್ಪು ನಂದು.” ಎಂಜಿನ್ನಿನ ಕಾವಿಗೆ ಕರಗಿದ ಬೆಲ್ಲ ಆರಿದ ಮೇಲೆ ಪ್ಲೇಟನ್ನು ಶಾಫ್ಟಿಗೆ ಅಂಟಿಸಿಬಿಟ್ಟಿದೆ.

“ಹಂಗಾರ ತಿಂದೈತಿ ಅಂದಂಗಾತು,” ಎಂದು ಗದಿಗೆವ್ವ ರೊಟ್ಟಿಯ ಗಂಟು ಬಿಚ್ಚುತ್ತಾರೆ.

ರೊಟ್ಟಿ ಹಾಗೇ ಉಳಿಯುತ್ತದೆ. ಬಿಸಿನೀರು, ತಂತಿ ಬ್ರಷ್ಷು, ಡೀಸೆಲ್ಲು, ಒಣ ಬಟ್ಟೆ, ತೆಳ್ಳಗೆ ಗ್ರೀಸು. ನಿಜಲಿಂಗಪ್ಪ ಜಾಕ್ ಒತ್ತುತ್ತಾರೆ, ಕರಬಸಪ್ಪ ಎದೆಯಿಂದ ಏರಿಸುತ್ತಾರೆ. ಎಂಟೂ ನಲವತ್ತಕ್ಕೆ ಎಂಜಿನ್ ಚಾಲೂ. ಮೊದಲನೇ ಗೇರು ಸದ್ದಿಲ್ಲದೆ ಬೀಳುತ್ತದೆ. ತಾಯಿ ಮಗನನ್ನು ಹೊತ್ತ ಗಾಡಿ ಹಲಗೇರಿಯತ್ತ ಓಡುತ್ತದೆ. ಥ್ಯಾಂಕ್ಸ್ ಹೇಳುವಷ್ಟು ವ್ಯವಧಾನ ಯಾರಿಗೂ ಇಲ್ಲ.

ಕರಬಸಪ್ಪ ಕೈತೊಳೆದು ಫೋನನ್ನು ಬೆಂಚಿನ ಮೇಲಿಟ್ಟು ತಣ್ಣಗಾದ ರೊಟ್ಟಿ ಮುರಿಯುತ್ತಾರೆ. “ಗಾಡಿ ನಡುದಾರ್ಯಾಗ ನಿಂತ್ರ ಎಲ್ಲಾರೂ ಫೋನ್ ಮಾಡ್ತಾರ್ರಿ. ಮುಟ್ಟಿದ್ರ ಯಾರೂ ಮಾಡೂದಿಲ್ಲ. ಬ್ಯಾಡಗಿ ಮುಟ್ಟೂತನಾ ಈ ಫೋನ್ ಸುಮ್ಮನಿದ್ರ ನನಗ ಅಷ್ಟ ಸಾಕು.”

ಹನ್ನೊಂದು ದಾಟುತ್ತದೆ. ಫೋನನ್ನು ಎತ್ತಿ, ಚಾರ್ಜು ಇದೆಯೇ, ಸಿಗ್ನಲ್ ಇದೆಯೇ ಎಂದು ನೋಡುತ್ತಾರೆ. ಎರಡೂ ಇವೆ.

“ಮುಟ್ಟೈತಿ,” ಎಂದು ಮುಂದಿನ ಗಾಡಿಯ ಕೆಳಗೆ ಸರಿಯುತ್ತಾರೆ.